ಉಡಿದಾರದ ಚಾವಿ

ಸಿರುಗುಪ್ಪದ ಅಕ್ಕಿ ಗಿರಣಿಗಳ ಓಣಿಯಲ್ಲಿ ವಿರೂಪಾಕ್ಷಪ್ಪನ ಸೊಂಟದ ಸಂಗತಿ ಗೊತ್ತಿಲ್ಲದವರಿಲ್ಲ. ಸಾಹುಕಾರರ ಅಂಬಾಸಿಡರ್ ಓಡಿಸುತ್ತಿದ್ದ ಕಾಲದಿಂದಲೂ ಅವನು ಗಾಡಿಯ ಚಾವಿಯನ್ನು ಉಡಿದಾರಕ್ಕೆ ಕಟ್ಟಿಕೊಂಡವನು. ಊಟಕ್ಕೆ ಕೂತರೂ, ಜಳಕಕ್ಕೆ ಇಳಿದರೂ, ಮಗನ ಮದುವೆಯಲ್ಲಿ ಅಕ್ಕಿಕಾಳು ಹಾಕುವಾಗಲೂ ಅದು ಸೊಂಟದಲ್ಲೇ. ಸಾಹುಕಾರರ ಮಗ ಕಾಲೇಜಿನಿಂದ ರಜೆಗೆ ಬಂದು “ಒಂದು ಸಲ ಕೊಡಪ” ಎಂದು ಕೈ ಚಾಚಿದಾಗ, “ಅಪ್ಪಾರು ಹೇಳ್ಲಿ, ಆಮ್ಯಾಲೆ ನೋಡೋಣು” ಎಂದು ಸೊಂಟದ ಮೇಲೆ ಕೈಯಿಟ್ಟು ನಿಂತುಬಿಟ್ಟಿದ್ದ. ಅಪ್ಪ ಹೇಳಲಿಲ್ಲ, ಇವನು ಕೊಡಲಿಲ್ಲ. ಸಾಹುಕಾರರು ಅದನ್ನು ಮಂದಿಯ ಮುಂದೆ ಹೊಗಳಿದ್ದು ವಿರೂಪಾಕ್ಷಪ್ಪನಿಗೆ ನಿನ್ನೆ ಮೊನ್ನೆಯದೆಂಬಂತೆ ನೆನಪಿದೆ.

ಅಂಥವನಿಗೆ ಮಗ ಗವಿಸಿದ್ದೇಶ ಹೊಸ ಕಾರು ತಂದು, ಸವೆದ ಸಾಬೂನಿನ ತುಂಡಿನಂಥ ಕರಿಯದೊಂದನ್ನು ಕೈಯಲ್ಲಿಟ್ಟ. ಗವಿಸಿದ್ದೇಶ ಸಾಹುಕಾರರ ಗಿರಣಿಯಲ್ಲಿ ಲೆಕ್ಕ ನೋಡಿಕೊಳ್ಳುವವನು. ಗಾಡಿ ಓಡಿಸಲು ಅವನಿಗೆ ಬರುವುದಿಲ್ಲ, ಕಲಿಯುವ ಆಸೆಯೂ ಇಲ್ಲ. ಕಾರು ತಂದದ್ದು ಅಪ್ಪನಿಗೆಂದೇ.

“ಇದನ್ನ ಎಲ್ಲಿ ತೂರಸ್ಬೇಕಲೇ?”

“ಎಲ್ಲೂ ಇಲ್ಲಪ್ಪ. ನಿನ್ನ ಮೈಮ್ಯಾಲಿದ್ರ ಸಾಕು. ಹಿಡಿಕಿ ಹಿಡದ್ರ ಬಾಗ್ಲಾ ತೆರೀತೈತಿ, ಒಳಗ ಕುಂತು ಗುಂಡಿ ಒತ್ತಿದ್ರ ಚಾಲೂ ಆಕ್ಕೈತಿ.”

“ಮತ್ತ ನಾನೇನು ಮಾಡ್ಬೇಕು?”

“ನೀ ಬರೇ ಇರಬೇಕು.”

ಬರೇ ಇರುವುದು ಹೇಳಿದಷ್ಟು ಸುಲಭವಾಗಲಿಲ್ಲ. ಚಾವಿ ತೂರಿಸಿ, ಅರ್ಧ ತಿರುಗಿಸಿ, ಎಂಜಿನ್ನು ಕೆಮ್ಮಿ ಎದ್ದೇಳುವತನಕ ಬಸವಣ್ಣನನ್ನು ನೆನೆಯುವುದು ಅವನ ರೂಢಿ. ಈಗ ನೆನೆಯಲಿಕ್ಕೂ ಪುರಸೊತ್ತಿಲ್ಲ, ಗುಂಡಿ ಒತ್ತುವುದರೊಳಗೆ ಎಂಜಿನ್ನು ಎದ್ದಿರುತ್ತದೆ. ಸೀಟಿನಲ್ಲಿ ಕೂತ ಕೂಡಲೇ ಬಲಗೈ ತಾನೇ ಸ್ಟೇರಿಂಗಿನ ಪಕ್ಕಕ್ಕೆ ಹೋಗಿ, ಗಾಳಿಯಲ್ಲಿ ಒಮ್ಮೆ ತಿರುಗಿ, ನಾಚಿಕೊಂಡು ಹಿಂದೆ ಬರುತ್ತಿತ್ತು. ಬೀಗ ಬಿತ್ತೋ ಇಲ್ಲವೋ ಎಂಬುದು ಇನ್ನೊಂದು ಪೀಕಲಾಟ. ಬೀಗ ಹಾಕಿ ಕಟ್ಟೆಯವರೆಗೆ ಬರುವನು, ಅನುಮಾನ ಹುಟ್ಟುವುದು, ವಾಪಸು ಹೋಗಿ ಹಿಡಿಕೆ ಎಳೆಯುವನು. ಸೊಂಟದಲ್ಲಿ ಚಾವಿ ಇದೆಯಲ್ಲ, ಒಡೆಯ ಬಂದನೆಂದು ಬಾಗಿಲು ತೆರೆದುಕೊಳ್ಳುವುದು. ಮತ್ತೆ ಹಾಕುವನು, ಮತ್ತೆ ಎಳೆಯುವನು, ಮತ್ತೆ ತೆರೆಯುವುದು.

ಹೆಂಡತಿ ಹೊನ್ನೂರಮ್ಮ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಕೂತಿದ್ದವಳು ಕೇಳಿದಳು. “ಅದಕ್ಕ ಪ್ರದಕ್ಷಿಣಿ ಹಾಕಾಕ ಹತ್ತೀರೇನ್ರಿ?”

“ಏ, ನೀ ಬಂದು ಎಳದು ನೋಡು. ನಾ ದೂರ ನಿಂದ್ರತೀನಿ.”

ಅಂದಿನಿಂದ ಅದೇ ಪದ್ಧತಿಯಾಯಿತು. ಗಂಡ ಬೇವಿನ ಗಿಡದ ಕೆಳಗೆ ಹೋಗಿ ನಿಲ್ಲುವುದು, ಹೆಂಡತಿ ಹಿಡಿಕೆ ಎಳೆದು, “ಬಿದ್ದೈತಿ, ಬರ್ರಿ ಉಣ್ಣಾಕ” ಎನ್ನುವುದು.

ಸೊಸೆ ಸೌಂದರ್ಯ ಕುರುಗೋಡಿನವಳು. ಮದುವೆಗೆ ಮೊದಲು ಬಳ್ಳಾರಿಯಲ್ಲಿ ಕಲಿತು ಲೈಸೆನ್ಸ್ ಮಾಡಿಸಿಕೊಂಡಿದ್ದಳು. ಆಮೇಲೆ ಸ್ಟೇರಿಂಗ್ ಮುಟ್ಟಿರಲಿಲ್ಲ. ಕಾರು ಬಂದ ವಾರದಲ್ಲೇ ಕೇಳಿದಳು, “ಮಾವಾರ, ಕಣದಾಗ ಒಂದು ಸುತ್ತು ಹೊಡೀಲೇನ್ರಿ?”

ಗಿರಣಿಯ ಹಿಂದೆಯೇ ಅವರ ಮನೆ. ಮುಂದೆ ಭತ್ತ ಒಣಗಿಸುವ ಸಿಮೆಂಟಿನ ಕಣ. ಸುಗ್ಗಿ ಮುಗಿದ ಮೇಲೆ ಅದು ಖಾಲಿ ಬಿದ್ದಿರುತ್ತದೆ, ಕಲಿಯುವವರಿಗೆ ಹೇಳಿ ಮಾಡಿಸಿದ ಜಾಗ. ಆದರೆ ಆಗ ಓಣಿಯವರೆಲ್ಲ ಕಾರು ನೋಡಲು ಬಂದು ನಿಂತಿದ್ದರು.

“ಚಾವಿ ಒಬ್ಬರ ಸೊಂಟದಾಗಿರಬೇಕವ್ವಾ. ಸಾಹುಕಾರ್ರ ಮಗಗೂ ಕೊಟ್ಟಾವಲ್ಲ ನಾ” ಎಂದುಬಿಟ್ಟ ವಿರೂಪಾಕ್ಷಪ್ಪ. ಅವಳು ಮತ್ತೆ ಕೇಳಲಿಲ್ಲ. ಮಂದಿಯ ಮುಂದೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಅವನಿಗೂ ಬರುತ್ತಿರಲಿಲ್ಲ. ಕಾರಿನ ಜೊತೆಗೆ ಕೊಟ್ಟಿದ್ದ ಇನ್ನೊಂದು ಚಾವಿಯನ್ನು ಮನೆಯ ಟ್ರಂಕಿನಲ್ಲಿಟ್ಟು ಬೀಗ ಹಾಕಿದ.

ಬೇಸಿಗೆ ಏರಿತು. ಮಧ್ಯಾಹ್ನ ಮನೆಯೊಳಗೆ ತಗಡು ಕಾದು ಕೂರಲಿಕ್ಕಾಗದು. ಬೇವಿನ ನೆರಳಿಗೆ ಕಾರು ನಿಲ್ಲಿಸಿ, ನಾಲ್ಕೂ ಬಾಗಿಲು ತೆರೆದಿಟ್ಟು, ಹಿಂದಿನ ಸೀಟಿನಲ್ಲಿ ಮಲಗುವುದನ್ನು ವಿರೂಪಾಕ್ಷಪ್ಪ ರೂಢಿ ಮಾಡಿಕೊಂಡ. ಒಂದು ದಿನ ಮೈ ಮೆಲ್ಲಗೆ ತೂಗಿದಂತಾಗಿ ಎಚ್ಚರವಾಯಿತು. ರೆಪ್ಪೆಯ ಸಂದಿಯಲ್ಲಿ ನೋಡಿದರೆ ಬಾಗಿಲುಗಳೆಲ್ಲ ಮುಚ್ಚಿವೆ, ಬೇವಿನ ಗಿಡ ಹಿಂದಕ್ಕೆ ಹೋಗುತ್ತಿದೆ, ಸ್ಟೇರಿಂಗಿನ ಮೇಲೆ ಹಸಿರು ಬಳೆಯ ಎರಡು ಕೈ. ಚಾವಿ ಸೊಂಟದಲ್ಲಿತ್ತು, ಸೊಂಟ ಗಾಡಿಯೊಳಗಿತ್ತು. ಗಾಡಿಗೆ ಅಷ್ಟೇ ಸಾಕಾಗಿತ್ತು.

ಗದರಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಸೌಂದರ್ಯ ಕಣದ ಮೂಲೆಗೆ ಬಂದಿದ್ದಳು. ಅಲ್ಲಿ ಒಟ್ಟಿದ್ದ ತಾಡಪಾಲಿನ ಗುಡ್ಡೆಗೆ ತಾಕದಂತೆ, ಅವಸರವಿಲ್ಲದೆ ತಿರುಗಿಸಿದಳು. ಹಾಗೆ ತಿರುಗಿಸುವುದು ಎಲ್ಲರಿಗೂ ಬರುವುದಿಲ್ಲ. ವಿರೂಪಾಕ್ಷಪ್ಪ ಬಾಯಿ ಮುಚ್ಚಿಕೊಂಡು ಗೊರಕೆ ಹೊಡೆದ.

ಅಂದಿನಿಂದ ಅವನ ಮಧ್ಯಾಹ್ನದ ನಿದ್ದೆ ಉದ್ದವಾಯಿತು. ಅವಳ ಕೈ ಚಲೋ ಇತ್ತು, ಎಡಗಾಲು ಮಾತ್ರ ಅವಸರದ್ದು. ಕ್ಲಚ್ ಪಟ್ಟನೆ ಬಿಟ್ಟುಬಿಡುವಳು, ಗಾಡಿ ಜಗ್ಗಿ ಬಂದ್ ಬೀಳುವುದು. ಮತ್ತೆ ಚಾಲೂ, ಮತ್ತೆ ಬಂದ್. ಕೆಲವು ದಿನ ತಡೆದುಕೊಂಡ. ಕೊನೆಗೊಂದು ದಿನ ಮಗ್ಗುಲು ಹೊರಳಿ, ಕಣ್ಣು ಮುಚ್ಚಿಕೊಂಡೇ, “ಕ್ಲಚ್ಚು ನಿಧಾನ... ಕೂಸಿನ್ನ ತೊಟ್ಟಲಕ ಹಾಕ್ದಂಗ...” ಎಂದು ಗೊಣಗಿದ.

ಹಸಿರು ಬಳೆಯ ಕೈ ಮತ್ತೆ ಗುಂಡಿ ಒತ್ತಿತು. ಸ್ವಲ್ಪ ಹೊತ್ತಿಗೆ ಗಾಡಿ ನುಣ್ಣಗೆ ಹೊರಟಿತು.

ಅಂದು ಅಡುಗೆಮನೆಯಲ್ಲಿ ಸೌಂದರ್ಯ ಹೇಳುತ್ತಿದ್ದಳು, “ಅತ್ತೀ, ಮಾವಾರು ನಿದ್ದ್ಯಾಗ ಭಾಳ ಮಾತಾಡ್ತಾರ್ರಿ.”

“ಎಚ್ಚರಿದ್ದಾಗ ಆಡಾಕ ಬಿಗುಮಾನ ಬಿಡಂಗಿಲ್ಲವ್ವಾ. ಹಂಗಾರ ಆಡ್ಲಿ ಬಿಡು” ಎಂದಳು ಹೊನ್ನೂರಮ್ಮ.

ಮಳೆಗಾಲ ಹತ್ತಿರ ಬಂದಾಗ ಹೊನ್ನೂರಮ್ಮ ಬಳ್ಳಾರಿಯ ಕಂಟೋನ್ಮೆಂಟಿನಲ್ಲಿದ್ದ ಅಕ್ಕನ ಮನೆಗೆ ಹೋಗಿದ್ದಳು. ಅವಳನ್ನು ಕರೆತರಲು ಮಾವ ಸೊಸೆ ಇಬ್ಬರೂ ಹೊರಟರು. ಗಾಡಿ ವಿರೂಪಾಕ್ಷಪ್ಪನ ಕೈಯಲ್ಲೇ. ಬಳ್ಳಾರಿ ಮುಟ್ಟಿದ ಮೇಲೆ, ಕೌಲ್ ಬಜಾರಿನ ಹಳೆಯ ಗೆಳೆಯ ದುರುಗಪ್ಪನಿಗೆ ಕಾರು ತೋರಿಸದೆ ಮುಂದೆ ಹೋಗಲು ಅವನ ಮನಸ್ಸು ಒಪ್ಪಲಿಲ್ಲ. ದುರುಗಪ್ಪ ಗಾಡಿಗಳ ಸೀಟು ಹೊಲಿಯುವವನು. ಅಂಗಡಿ ಇರುವುದು ಒಂದು ಇಕ್ಕಟ್ಟಾದ ಓಣಿಯಲ್ಲಿ.

“ಒಂದು ಮಾತು ಹೇಳಿ ಬರ್ತೀನಿ, ಕುಂತಿರವ್ವಾ” ಎಂದು ಎಂಜಿನ್ನು ಚಾಲೂ ಬಿಟ್ಟು ಇಳಿದ. ಅಂಗಡಿಯ ಮೆಟ್ಟಿಲು ಹತ್ತುವುದರೊಳಗೆ ಹಿಂದೆ ಆಟೋಗಳು ಸಾಲುಗಟ್ಟಿ ಹಾರ್ನ್ ಶುರುವಾಯಿತು.

“ಏ ತಾತಾ, ಗಾಡಿ ತೆಗೀರಿ. ನಿಮ್ಮ ಮನಿ ಅಂಗಳಾ ಏನಿದು?” ಎಂದು ಆಟೋದವನೊಬ್ಬ ಕೂಗಿದ.

ಸೌಂದರ್ಯ ಡ್ರೈವರ್ ಸೀಟಿಗೆ ಸರಿದು ಕಿಟಕಿ ಇಳಿಸಿದಳು. “ಮಾವಾರ, ನಾ ತೆಗೀಲೇನ್ರಿ? ಹಂಗಾ ಹೋಗಿ ಅತ್ತಿನ್ನ ಕರಕೊಂಡು ಬರ್ತೀನಿ.”

ಓಣಿಗೆ ಓಣಿಯೇ ವಿರೂಪಾಕ್ಷಪ್ಪನ ಬಾಯಿ ನೋಡುತ್ತಿತ್ತು. ಇಲ್ಲಿ ನಿದ್ದೆ ಮಾಡುವಂತಿರಲಿಲ್ಲ.

“ಹೂಂ. ಹೋಗು” ಎಂದ.

ಕಾರು ಹೊರಟಿತು, ತಿರುವು ದಾಟಿತು. ದುರುಗಪ್ಪ ಕನ್ನಡಕ ಹಣೆಗೇರಿಸಿದ. “ನೀನು ಚಾವಿ ಕೊಟ್ಟಿ? ಇವತ್ತು ಮಳಿ ಬರ್ತೈತಿ ಬಿಡು. ಯಾರಪ ಆಕಿ?”

“ನನ್ನ ಸೊಸಿ” ಎನ್ನುತ್ತ ವಿರೂಪಾಕ್ಷಪ್ಪ ಎಂದಿನಂತೆ ಸೊಂಟ ಮುಟ್ಟಿಕೊಂಡ. ಚಾವಿ ಅಲ್ಲೇ ಇತ್ತು.

ಒಮ್ಮೆ ಚಾಲೂ ಆದ ಗಾಡಿ ಚಾವಿ ದೂರವಾದರೂ ಓಡುತ್ತಲೇ ಇರುತ್ತದೆ. ಬಂದ್ ಬಿದ್ದರೆ ಮಾತ್ರ ಚಾವಿ ಬರುವತನಕ ಏಳುವುದಿಲ್ಲ. ಮಗ ಅದನ್ನು ಮಾವ ಸೊಸೆ ಇಬ್ಬರನ್ನೂ ಕೂರಿಸಿಕೊಂಡು ಹೇಳಿದ್ದ. ಖಾಲಿ ಕಣದಲ್ಲಿ ಓಡಿಸಿದವಳು ಈಗ ಬಜಾರಿನಲ್ಲಿದ್ದಾಳೆ, ಮುಂದೆ ಸರ್ಕಲ್ಲು, ಸಿಗ್ನಲ್ಲು. ಎಡಗಾಲು ಒಂದೇ ಒಂದು ಸಲ ಅವಸರ ಮಾಡಿದರೆ ನಡುರಸ್ತೆಯಲ್ಲಿ ಗಾಡಿ ಕಲ್ಲಾಗಿ ನಿಲ್ಲುತ್ತದೆ. ಸುತ್ತ ಮಂದಿ ಸೇರಿ ಬಾಯಿಗೆ ಬಂದದ್ದು ಆಡುತ್ತಾರೆ. ಆಮೇಲೆ ಅವಳು ಜನ್ಮದಲ್ಲಿ ಸ್ಟೇರಿಂಗ್ ಹಿಡಿಯುವುದಿಲ್ಲ. ಅದು ವಿರೂಪಾಕ್ಷಪ್ಪನಿಗೆ ಗೊತ್ತಿತ್ತು.

ವಿಷಯ ಕೇಳಿದ ದುರುಗಪ್ಪ ಸೂಜಿ ಕೆಳಗಿಟ್ಟ. “ತಾ ಇಲ್ಲಿ ಚಾವಿ. ಸ್ಕೂಟರ್ ಐತಿ, ಹಿಂದ ಹೋಗಿ ಕೊಟ್ಟು ಬರ್ತೀನಿ.”

ವಿರೂಪಾಕ್ಷಪ್ಪ ಉಡಿದಾರದ ಗಂಟು ಅರ್ಧ ಬಿಚ್ಚಿದವನು ಕೈ ನಿಲ್ಲಿಸಿದ.

“ಬ್ಯಾಡ ಬಿಡು.”

“ಯಾಕಲೇ?”

“ನೀ ಹಿಂದಿಂದ ಹೋಗಿ ಅಡ್ಡ ನಿಂತ್ರ ಆಕಿ ಗಾಬರಿ ಬೀಳ್ತಾಳ. ತನ್ನ ಪಾಡಿಗೆ ಹೊಂಟಾಳ, ಹೋಗ್ಲಿ. ಬರ್ತಾಳ.”

ಫೋನು ತೆಗೆದ, ಮತ್ತೆ ಜೇಬಿಗಿಟ್ಟ. ಓಡಿಸುವವರ ಕಿವಿಯಲ್ಲಿ ಗಂಟೆ ಬಾರಿಸಬಾರದು. ಚಹಾ ಬಂತು, ಕೆನೆಗಟ್ಟಿತು. ದುರುಗಪ್ಪ ಸುಮ್ಮನಿರುವ ಪೈಕಿ ಅಲ್ಲ. “ಗಾಡಿ ಕಾಯಾಕ ಚಾವಿ ಇಟ್ಕೊಂಡಿದ್ದಿ. ಈಗ ಗಾಡಿ ಊರು ಸುತ್ತತೈತಿ, ನೀ ಕುಂತು ಚಾವಿ ಕಾಯಾಕ ಹತ್ತಿ” ಎಂದು ನಕ್ಕ. ವಿರೂಪಾಕ್ಷಪ್ಪನ ಕಣ್ಣು ತಿರುವಿನ ಮೇಲಿತ್ತು. ಅವನು ಡ್ರೈವರ್ ಆದ ಹೊಸತರಲ್ಲಿ ಇದೇ ಬಜಾರಿನಲ್ಲಿ ಅಂಬಾಸಿಡರ್ ಬಂದ್ ಬಿದ್ದು ಮಂದಿಯೆಲ್ಲ ನೂಕಿದ್ದರು. ಹಿಂದೆ ಕೂತಿದ್ದ ಸಾಹುಕಾರರು ಒಂದು ಮಾತೂ ಆಡದೆ, ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದರು. ಆ ಮೌನದಿಂದಲೇ ತಾನು ಡ್ರೈವರ್ ಆದದ್ದೆಂದು ಅವನಿಗೆ ಇಂದು ಅನ್ನಿಸಿತು.

ತಿರುವಿನಲ್ಲಿ ಬಂದ ಗಾಡಿಗಳೆಲ್ಲ ಬೇರೆಯವರವು. ಕತ್ತು ನೋಯುವವರೆಗೆ ನೋಡಿದ ಮೇಲೆ ತಮ್ಮ ಕಾರಿನ ಬಿಳಿಯ ಮೂತಿ ಕಂಡಿತು. ಮುಂದೆ ತಳ್ಳುಗಾಡಿ ಅಡ್ಡ ಬಂತು. ಕಾರು ನಿಂತಿತು. ವಿರೂಪಾಕ್ಷಪ್ಪನ ಎಡಗಾಲು ನೆಲವನ್ನು ಒತ್ತಿ ಹಿಡಿಯಿತು. ತಳ್ಳುಗಾಡಿ ಸರಿಯಿತು. ಕಾರು, ನೀರಿನ ಮೇಲೆ ಎಲೆ ಹೊರಟಂತೆ, ಜಗ್ಗದೆ ಹೊರಟಿತು. ಬಂದು ಅಂಗಡಿಯ ಮುಂದೆ ನಿಂತಿತು, ಎಂಜಿನ್ನು ಗುಂಯ್‌ಗುಡುತ್ತಲೇ ಇತ್ತು.

ಹಿಂದಿನ ಸೀಟಿನಲ್ಲಿ ಹೊನ್ನೂರಮ್ಮ ಮುಖ ಊದಿಸಿಕೊಂಡಿದ್ದಳು. “ಎಂಥಾ ಸೊಸಿನ್ರಿ ಇಕಿ? ನಮ್ಮಕ್ಕ ಬಾಗ್ಲಾಗ ನಿಂತು ಒಳಗ ಬಾರವ್ವಾ ಅಂದ್ರ ಕಾಲು ಕೆಳಗ ಇಡಲಿಲ್ಲ. ಕಿಟಕ್ಯಾಗಿಂದ ಕಪ್ಪು ಇಸ್ಕೊಂಡು ಚಾ ಕುಡದಾಳ. ಸಿಗ್ನಲ್ದಾಗ ಪೊಲೀಸಪ್ಪ ಬಂದ್ ಮಾಡಮ್ಮ, ಎಣ್ಣಿ ಉಳೀತೈತಿ ಅಂದ್ರ, ಅವಗ ಕೈ ಮುಗದು ಹಂಗಾ ಕುಂತ್ಲು.”

ಸೌಂದರ್ಯ ಮಾವನ ಮುಖವನ್ನೇ ನೋಡುತ್ತಿದ್ದಳು. “ಚಾವಿ ನಿಮ್ಮ ಹತ್ರ ಉಳದಿತ್ರಿ. ತಿರುವು ದಾಟೂದ್ರಾಗ ಚಾವಿ ಇಲ್ಲಂತ ಗಾಡಿ ಕೂಗಾಕ ಹತ್ತಿತು. ಬಂದ್ ಬಿದ್ರ ನಿಮ್ಮ ಮಾತು ಹೋಗ್ತೈತಿ ಅಂತ...”

“ಎಲ್ಲೂ ಬೀಳ್ಲಿಲ್ಲೇನು?”

“ಇಲ್ರಿ.”

“ಒಮ್ಮಿನೂ?”

“ಒಮ್ಮಿನೂ ಇಲ್ರಿ.”

ವಿರೂಪಾಕ್ಷಪ್ಪ ದುರುಗಪ್ಪನ ಕಡೆ ತಿರುಗಿದ. “ಕೇಳಿದೇನಲೇ?” ಎಂದ. ದುರುಗಪ್ಪನಿಗಷ್ಟೇ ಅಲ್ಲ, ಪಕ್ಕದ ಪಂಕ್ಚರ್ ಅಂಗಡಿಗೂ, ಅದರಾಚೆಯ ಚಹಾದಂಗಡಿಗೂ ಕೇಳುವ ಹಾಗೆ.

ಸುತ್ತು ಹಾಕಿಕೊಂಡು ಹೋಗಿ ಅವಳ ಪಕ್ಕದ ಸೀಟಿನಲ್ಲಿ ಕೂತ. ಗಂಟು ಪೂರ್ತಿ ಬಿಚ್ಚಿ, ಚಾವಿಯನ್ನು ಇಬ್ಬರ ನಡುವಿನ ಗೂಡಿನಲ್ಲಿಟ್ಟ. “ಈಗ ಬೇಕಂದ್ರ ಬಂದ್ ಮಾಡು.”

ಅವಳು ಗುಂಡಿ ಒತ್ತಿದಳು. ಸದ್ದು ನಿಂತ ಮೇಲೆ ಸ್ಟೇರಿಂಗ್ ಬಿಟ್ಟು ಬಾಗಿಲ ಹಿಡಿಕೆಗೆ ಕೈ ಹಾಕಿದಳು.

“ಇನ್ನ ನೀವು ಹೊಡೀರಿ, ಮಾವಾರ.”

“ನಾ ಯಾಕವ್ವಾ, ಮನ್ಯಾಗ ಡ್ರೈವರ್ ಇದ್ದಮ್ಯಾಲೆ? ಟ್ರಂಕಿನ್ಯಾಗ ಇನ್ನೊಂದು ಚಾವಿ ಐತಿ. ಅದು ನಿಂದು.”

ಅವಳು ಗಾಡಿಯನ್ನು ಬಳ್ಳಾರಿ ದಾಟಿಸಿದಳು. ಆಮೇಲೆ ಮೆಲ್ಲಗೆ, “ಕುರುಗೋಡ ಮ್ಯಾಲೆ ಹಾದು ಹೋದ್ರ ಸ್ವಲ್ಪ ಸುತ್ತಾಕ್ಕೈತಿ” ಎಂದಳು.

“ಆಗ್ಲಿ. ಹೊಡಿ.”

ವಿರೂಪಾಕ್ಷಪ್ಪ ಜನ್ಮವೆಲ್ಲ ರಸ್ತೆಯನ್ನೇ ನೋಡಿದವನು. ಅಂದು ರಸ್ತೆಯ ಬದಿಗಳನ್ನು ನೋಡಿದ. ಕಲ್ಲುಗುಡ್ಡ, ಅದರ ಬುಡದಲ್ಲೊಂದು ಗುಡಿ. “ಈ ಗುಡಿ ಯಾವಾಗ ಕಟ್ಟಿದ್ರು?” ಎಂದು ಕೇಳಿದ.

“ನಾ ಮದಿವ್ಯಾಗಿ ಬರೋಮುಂದ ಇತ್ರಿ” ಎಂದಳು ಹಿಂದಿನಿಂದ ಹೊನ್ನೂರಮ್ಮ.

ಕುರುಗೋಡಿನಲ್ಲಿ ಹೊತ್ತು ಇನ್ನೂ ಇಳಿದಿರಲಿಲ್ಲ. ಸೌಂದರ್ಯ ತವರಿನ ಓಣಿಗೆ ತಿರುಗಿಸಿದಳು. ವಿರೂಪಾಕ್ಷಪ್ಪ ಟೊಪ್ಪಿಗೆ ನೆಟ್ಟಗೆ ಮಾಡಿಕೊಂಡು ತನ್ನ ಕಡೆಯ ಕಿಟಕಿಯನ್ನು ಪೂರ್ತಿ ಇಳಿಸಿದ.

“ನಿಮ್ಮವ್ವನ ಮನಿ ಬಂತು. ಹಾರ್ನ್ ಹೊಡಿ.”

ಅವಳು ಮೆಲ್ಲಗೆ ಒಮ್ಮೆ ಒತ್ತಿದಳು.

“ಹಂಗಲ್ಲವ್ವಾ” ಎಂದ ವಿರೂಪಾಕ್ಷಪ್ಪ. “ಓಣಿಗೆ ಕೇಳಂಗ ಹೊಡಿ.”

ಅವಳು ಹೊಡೆದಳು. ಎರಡೂ ಕಡೆಯ ಬಾಗಿಲುಗಳಿಂದ ಮಂದಿ ಹೊರಗೆ ಬಂದರು.