ಎರಡೂ ಕಡೆ ‘ಹೌದು’

ಲಾಂಡ್ರಿಯ ಹಿಂದಿನ ಕೋಣೆಗೆ ಬಾಡಿಗೆ ಇರಲಿಲ್ಲ, ಷರತ್ತಿತ್ತು. ಅಲ್ಲಿ ಇರುವವರು ಬೇರೆಲ್ಲೂ ಕೆಲಸಕ್ಕೆ ಹೋಗಕೂಡದು. ಷರತ್ತು ಮಾಲಕಿಯದು. ಎಲ್ಲರೂ ಅವರನ್ನು ಅಮ್ಮಾವ್ರು ಎನ್ನುತ್ತಿದ್ದರು. ದನಿ ಎತ್ತಿದವರಲ್ಲ, ಯಾರನ್ನೂ ಬೈದವರಲ್ಲ. ಬೈಯುವವರ ಹತ್ತಿರ ಹೇಗೋ ಏಗಬಹುದು; ಇಂಥವರ ಹತ್ತಿರ ಏಗುವುದು ಬಲು ಕಷ್ಟ.

ಲಾಂಡ್ರಿಯಲ್ಲಿ ಇಸ್ತ್ರಿ ಹಾಕುತ್ತಿದ್ದವಳನ್ನು ಎಲ್ಲರೂ ಇಸ್ತ್ರಿ ಅಕ್ಕ ಎನ್ನುತ್ತಿದ್ದರು. ಅವಳಿಗಿಂತ ಮುಂಚೆ ಆ ಕೋಣೆಯಲ್ಲಿ ಬಟ್ಟೆ ಮಡಚುವ ಹೆಂಗಸೊಬ್ಬಳಿದ್ದಳು. ಅವಳು ಸಂಜೆ ಬೇಕರಿಯಲ್ಲಿ ತಟ್ಟೆ ತೊಳೆಯುತ್ತಾಳೆಂದು ಗೊತ್ತಾದ ದಿನ ಅಮ್ಮಾವ್ರು ಕೂಗಾಡಲಿಲ್ಲ. ಹೋಟೆಲಿಗೆ ಹೋಗಬೇಕಿದ್ದ ರಾಶಿಯಿಂದ ಹೊಸ ಬಿಳಿ ಬೆಡ್‌ಶೀಟೊಂದನ್ನು ತೆಗೆದು ಅವಳ ಕೈಗಿಟ್ಟು, “ಸಾಮಾನು ಇದರಲ್ಲಿ ಕಟ್ಕೋಮ್ಮ, ಕೊಳೆ ಆಗಬಾರ್ದು,” ಎಂದರು. ಮಧ್ಯಾಹ್ನಕ್ಕೆಲ್ಲ ಆ ಬಿಳಿ ಗಂಟು ರಸ್ತೆಯಲ್ಲಿತ್ತು. ಅದನ್ನು ಕಣ್ಣಾರೆ ಕಂಡಿದ್ದ ಇಸ್ತ್ರಿ ಅಕ್ಕ ಮಾರನೆಯ ದಿನ ತನ್ನ ಅತ್ತೆಯನ್ನು ಕೈಹಿಡಿದು ನಡೆಸಿಕೊಂಡು ಅದೇ ಕೋಣೆಗೆ ಬಂದಳು.

ಅತ್ತೆಯ ಕಣ್ಣು ಹೋಗಿ ವರ್ಷಗಳಾಗಿದ್ದವು. ಮಗ ಸತ್ತ ಮೇಲೆ ಅವರಿಗೆ ಸೊಸೆಯೇ ಎಲ್ಲ. ಕೋಣೆಯ ಗೋಡೆ, ಮೂಲೆ, ನಲ್ಲಿ, ಹೊಸ್ತಿಲು ಎಲ್ಲವನ್ನೂ ಬೆರಳಲ್ಲೇ ಕಲಿಯಲು ಅವರಿಗೆ ಒಂದು ಮಳೆಗಾಲ ಬೇಕಾಯಿತು. ಕಲಿತ ಮೇಲೆ ಯಾರ ಕೈಯನ್ನೂ ಹಿಡಿಯದೆ ಓಡಾಡತೊಡಗಿದರು. ಪ್ರಪಂಚದಲ್ಲಿ ಅವರು ಹಾಗೆ ನಡೆಯಬಲ್ಲ ಜಾಗ ಅದೊಂದೇ ಆಗಿತ್ತು. ಇಸ್ತ್ರಿ ಅಕ್ಕ ಅದಕ್ಕಾಗಿ ಏನು ಬೇಕಾದರೂ ಮಾಡಲು ಸಿದ್ಧಳಿದ್ದಳು, ಸುಳ್ಳು ಹೇಳಲಿಕ್ಕೂ.

ಹೇಳಲೇಬೇಕಾಯಿತು. ಲಾಂಡ್ರಿಯದು ಅರ್ಧ ದಿನದ ಕೆಲಸ, ಅರ್ಧ ಸಂಬಳ. ಹೊಟ್ಟೆ ಮಾತ್ರ ಇಡೀ ದಿನದ್ದು. ಊಟದ ಹೊತ್ತು ಕಳೆದ ಮೇಲೆ ಅವಳು ಹಿಂದಿನ ಓಣಿಯಿಂದ ಹೊರಟು ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಹೋಗುತ್ತಿದ್ದಳು. ಅಲ್ಲಿ ಉಪಕರಣ ತೊಳೆಯುವುದು, ಸರತಿಯಲ್ಲಿ ಕೂತವರನ್ನು ಒಳಗೆ ಕರೆಯುವುದು ಅವಳ ಕೆಲಸ. ಎಲ್ಲಿಗೆ ಹೊರಟೆ ಎಂದು ಯಾರಾದರೂ ಕೇಳಿದರೆ, ಚಿಕ್ಕಮ್ಮನಿಗೆ ಹುಷಾರಿಲ್ಲ, ನೋಡಿಕೊಳ್ಳಬೇಕು ಎನ್ನುತ್ತಿದ್ದಳು. ಹುಟ್ಟದೇ ಇದ್ದ ಆ ಚಿಕ್ಕಮ್ಮ ವರ್ಷವಾದರೂ ಹಾಸಿಗೆ ಬಿಟ್ಟು ಏಳಲಿಲ್ಲ.

ಎರಡೂ ಕಡೆ ಕೆಲಸಕ್ಕೆ ಸೇರುವಾಗ ಒಂದೇ ಥರದ ಫಾರ್ಮು. ಅದರಲ್ಲೊಂದು ಪ್ರಶ್ನೆ: ನಿಮಗಿರುವ ಕೆಲಸ ಇದೊಂದೇ? ಲಾಂಡ್ರಿಯಲ್ಲಿ ‘ಹೌದು’ ಎಂದು ಬರೆದಾಗ ಅದು ನಿಜವೇ ಆಗಿತ್ತು. ಕ್ಲಿನಿಕ್ಕಿನಲ್ಲಿ ಅವಳ ಕಣ್ಣೆದುರು ಆ ಬಿಳಿ ಗಂಟು ಬಂದು ನಿಂತಿತು. ಅಲ್ಲೂ ‘ಹೌದು’ ಎಂದೇ ಬರೆದಳು.

ಒಂದು ದಿನ ಕ್ಲಿನಿಕ್ಕಿನ ಲೆಕ್ಕ ನೋಡುವ ಮುದುಕ ಅವಳನ್ನು ಕರೆದ. ಎಲ್ಲರಿಗೂ ಅವನು ಲೆಕ್ಕದ ಮಾಮ.

“ಏನಮ್ಮಾ, ಲಾಂಡ್ರಿಲೂ ಕೆಲಸ ಮಾಡ್ತೀಯಂತೆ?”

“ಯಾರು ಹೇಳಿದ್ದು?”

“ತೆರಿಗೆ ಆಫೀಸಿನವರು. ಎರಡೂ ಕಡೆ ನಿಂದು ಒಂದೇ ತೆರಿಗೆ ನಂಬರಲ್ವಾ?”

“ಎರಡೂ ಚಿಲ್ಲರೆ ಸಂಬಳ ಮಾಮ. ತೆರಿಗೆ ಕಟ್ಟೋವಷ್ಟು ಇಲ್ಲೂ ಬರಲ್ಲ, ಅಲ್ಲೂ ಬರಲ್ಲ.”

“ಬೇರೆ ಬೇರೆ ನೋಡಿದ್ರೆ ಬರಲ್ಲ. ಅವರು ಸೇರಿಸಿ ನೋಡ್ತಾರೆ. ಇಷ್ಟು ದುಡ್ಡಿನವರೆಗೆ ತೆರಿಗೆ ಇಲ್ಲ ಅಂತ ಬಿಡ್ತಾರಲ್ಲ, ಆ ವಿನಾಯ್ತಿ ಕೆಲಸಕ್ಕೊಂದಲ್ಲಮ್ಮ, ಮನುಷ್ಯರಿಗೊಂದು. ನೀನು ಎರಡೂ ಕಡೆ ಇದೊಂದೇ ಕೆಲಸ ಅಂದೆ. ನಾವೂ ಬಿಟ್ವಿ, ಲಾಂಡ್ರಿಯವರೂ ಬಿಟ್ರು. ಈಗ ಆಫೀಸಿನವರು ನಮ್ಮದನ್ನೇ ಮುಖ್ಯ ಕೆಲಸ ಅಂತ ಹಿಡಿದು, ಲಾಂಡ್ರಿಯವರಿಗೆ ತೆರಿಗೆ ಕತ್ತರಿಸಿ ಅಂತ ಬರೀತಾರೆ.”

“ಎಷ್ಟಾದ್ರೂ ಕತ್ತರಿಸ್ಲಿ ಮಾಮ. ಆದ್ರೆ ಅಲ್ಲಿಗೆ ಬರೆಯೋದು ಬೇಡ!”

ಮಾಮ ಕನ್ನಡಕ ತೆಗೆದ. “ಇನ್ನೊಂದು ಕೆಲಸ ಇದೆ ಅಂತ ಸೇರುವಾಗಲೇ ನಮ್ಮ ಹತ್ರ ಹೇಳಿದ್ದಿದ್ರೆ ಮುಗೀತಿತ್ತು. ಇಲ್ಲೇ ಕತ್ತರಿಸ್ತಿದ್ವಿ, ಅಲ್ಲಿಗೆ ಸುದ್ದಿನೇ ಹೋಗ್ತಿರ್ಲಿಲ್ಲ. ನೀನು ಹತ್ತು ಕಡೆ ದುಡಿ, ನಮಗೇನು?”

ಅವಳಿಗೆ ಅಳು ಬಂತು. ಅದಕ್ಕಿಂತ ಹೆಚ್ಚಾಗಿ ತನ್ನ ಮೇಲೆಯೇ ಸಿಟ್ಟು ಬಂತು. ಯಾರೂ ಹೆದರಿಸದ ಜಾಗದಲ್ಲಿ ಹೆದರಿ ಹೇಳಿದ್ದ ಸುಳ್ಳು, ಹೆದರಬೇಕಾದ ಜಾಗದ ದಾರಿ ಹಿಡಿದು ಹೊರಟಿತ್ತು.

ಲಾಂಡ್ರಿಯನ್ನೇ ಮುಖ್ಯ ಕೆಲಸ ಅಂತ ಮಾಡಿಸಿಕೋ ಎಂದ ಮಾಮನ ಮಾತಿನಂತೆ ಮರುದಿನವೇ ತೆರಿಗೆ ಆಫೀಸಿಗೆ ಓಡಿದಳು. ಗಾಜಿನ ಆಚೆ ಕೂತಿದ್ದ ಹುಡುಗಿ ಒಳ್ಳೆಯವಳು. “ಲಾಂಡ್ರಿನೇ ಮುಖ್ಯ ಅಂತ ಬದಲಾಯಿಸಿದೀನಿ ಅಕ್ಕ. ಇನ್ನು ಕ್ಲಿನಿಕ್‌ನಲ್ಲೇ ಕತ್ತರಿಸ್ತಾರೆ. ಹಳೇ ಬಾಕಿನೂ ಅಲ್ಲೇ ಸ್ವಲ್ಪ ಸ್ವಲ್ಪ ಹಿಡೀತಾರೆ.”

“ಹಾಗಾದ್ರೆ ಲಾಂಡ್ರಿಗೆ ಏನೂ ಹೋಗಲ್ವಾ?”

“ಅಲ್ಲಿ ಕತ್ತರಿಸಿ ಅನ್ನೋ ಹಳೇ ಪತ್ರ ನಿನ್ನೆನೇ ಹೋಗಿದೆ. ಹೆದರಬೇಡಿ, ಅದು ತಪ್ಪು ಅಂತ ಇನ್ನೊಂದು ಹಿಂದೇನೇ ಬರುತ್ತೆ.”

ಅಂದರೆ ಒಂದಲ್ಲ, ಎರಡು ಪತ್ರ. ಬೇರೆ ಯಾರ ಕತೆಯೋ ಆಗಿದ್ದರೆ ಇಸ್ತ್ರಿ ಅಕ್ಕ ಬಿದ್ದು ಬಿದ್ದು ನಕ್ಕುಬಿಡುತ್ತಿದ್ದಳು.

ಮರುದಿನ ಬೆಳಿಗ್ಗೆ ಅವಳು ಹೋಟೆಲಿನ ಹೊಸ ಬೆಡ್‌ಶೀಟುಗಳಿಗೆ ಇಸ್ತ್ರಿ ಹಾಕುತ್ತಿದ್ದಾಗ ಅಮ್ಮಾವ್ರು ಬಂದು ಪಕ್ಕದಲ್ಲಿ ನಿಂತರು. ಕೈಯಲ್ಲಿ ಆ ದಿನದ ಟಪಾಲಿತ್ತು, ಇನ್ನೂ ಒಡೆದಿರಲಿಲ್ಲ. ಮೇಲಿನ ಲಕೋಟೆ ಕಂದು ಬಣ್ಣದ್ದು, ತೆರಿಗೆ ಆಫೀಸಿನ ಮೊಹರಿನದು.

“ಚಿಕ್ಕಮ್ಮ ಹೇಗಿದ್ದಾರೆ?”

ಈಗಲೇ ಹೇಳಿಬಿಡಬೇಕು, ಕಾಲಿಗೆ ಬಿದ್ದಾದರೂ ಹೇಳಿಬಿಡಬೇಕು ಎಂದುಕೊಂಡಳು. ಬಾಯಿ ತೆರೆದಳು. “ಹಾಗೇ ಇದ್ದಾರೆ ಅಮ್ಮಾವ್ರೆ.”

“ಪಾಪ. ಚೆನ್ನಾಗಿ ನೋಡ್ಕೋ,” ಎಂದು ಅವರು ಒಳಗೆ ಹೋದರು. ಮೇಜಿನ ಮೇಲೆ ಹಾಸಿದ್ದ ಬೆಡ್‌ಶೀಟು ಸೀದ ವಾಸನೆ ಬಂದಾಗಲೇ ಅವಳು ಇಸ್ತ್ರಿಪೆಟ್ಟಿಗೆ ಎತ್ತಿದ್ದು. ಅಂಚಿನಲ್ಲಿ ಹೆಬ್ಬೆರಳಿನಷ್ಟು ಕಂದು ಕಲೆ. ಅದನ್ನು ಒಳಮಡಿಕೆಯಲ್ಲಿ ಅಡಗಿಸಿ ರಾಶಿಗೆ ಸೇರಿಸಿದಳು.

ಆ ಸಂಜೆ ಕ್ಲಿನಿಕ್ಕಿನಿಂದ ಬರುವಾಗ ಲಾಂಡ್ರಿಯ ಬಾಗಿಲು ಹಾಕಿತ್ತು. ಕೋಣೆಯ ದೀಪ ಉರಿಯುತ್ತಿತ್ತು. ಅತ್ತೆಗೆ ದೀಪ ಬೇಕಿರಲಿಲ್ಲ. ಯಾರೋ ಬಂದು ಹಾಕಿದ್ದರು.

“ಬಂದ್ಯಾ?” ಸ್ಟೂಲಿನ ಮೇಲೆ ಕೂತಿದ್ದ ಅತ್ತೆಯ ಮುಖ ಅರಳಿತ್ತು. “ಅಮ್ಮಾವ್ರು ಬಂದಿದ್ರು ಕಣೇ. ಎಷ್ಟು ಮೆತ್ತಗೆ ಮಾತಾಡ್ತಾರೆ! ಚಿಕ್ಕಮ್ಮ ಎಲ್ಲಿದ್ದಾರೆ ಅಂತ ಕೇಳಿದ್ರು. ಯಾವ ಚಿಕ್ಕಮ್ಮ, ನಮಗೆ ನಾವಿಬ್ಬರೇ ಅಂದೆ. ಪಾಪ, ಏನೂ ಅನ್ನಲಿಲ್ಲ. ನಿಂಗೆ ಕೊಡಿ ಅಂತ ಇದನ್ನ ಕೊಟ್ಟು ಹೋದ್ರು.”

ಅತ್ತೆಯ ಮಡಿಲಲ್ಲಿ ಬಿಳಿ ಬೆಡ್‌ಶೀಟು. ಮಡಿಕೆಯೊಂದು ಬಿಚ್ಚಿ, ಅಂಚಿನ ಕಂದು ಕಲೆ ಕಾಣುತ್ತಿತ್ತು.

“ಹೊಸಾದು, ಮುಟ್ಟಿ ನೋಡು. ಇರು, ನಾನೇ ಹಾಸ್ತೀನಿ,” ಎನ್ನುತ್ತ ಅತ್ತೆ ಎದ್ದು, ಗೋಡೆಯನ್ನೂ ಮುಟ್ಟದೆ, ನೆಟ್ಟಗೆ ಮಂಚದ ಕಡೆ ನಡೆದರು.