ತಟ್ಟೆ ತೊಳೆದ ನೀರೂ ನೀರೇ

ಮಹಾರಾಷ್ಟ್ರದ ಗಡಿಯಲ್ಲಿರುವ ನಮ್ಮ ಗುಂಜೋಟಿಯಲ್ಲಿ ಮೈ ತುಂಬಿದ ಹೆಣ್ಣುಮಗಳನ್ನು ಕಂಡರೆ ಯಾರೂ ಆರೋಗ್ಯ ವಿಚಾರಿಸುವುದಿಲ್ಲ. ‘ಖಾತ್ಯಾ-ಪೀತ್ಯಾ ಘರಚಿ ಆಹೆ’ ಎಂದು ಮರಾಠಿಯಲ್ಲಿ ಹೊಗಳುತ್ತಾರೆ. ಉಂಡು ತಿಂದು ಸುಖವಾಗಿರುವ ಮನೆಯವಳು ಎಂದು ಅರ್ಥ. ಬೆನ್ನು ತಿರುಗಿದ ಕೂಡಲೇ ಅದೇ ಬಾಯಿ ಕಿಸಕ್ಕನೆ ನಗುತ್ತದೆ. ಊರ ಬಾಯಿಗೆ ಮುಚ್ಚಳ ಹಾಕಲು ನನ್ನಿಂದಂತೂ ಆಗಿಲ್ಲ. ನಾನು ಶಿವಕಾಂತಾ, ಈ ಊರಿನ ಆಶಾ ಕಾರ್ಯಕರ್ತೆ. ಹದಿನಾಲ್ಕು ವರ್ಷದಿಂದ ಮನೆ ಮನೆ ತಿರುಗುತ್ತಿದ್ದೇನೆ. ಇವತ್ತು ಮುಕ್ತಾಬಾಯಿಯ ಕಥೆ ಹೇಳುತ್ತೇನೆ. ಇದರಲ್ಲಿ ನನ್ನ ತಪ್ಪೂ ಒಂದಿದೆ, ಅದನ್ನು ಮುಚ್ಚಿಡುವುದಿಲ್ಲ.

ಮುಕ್ತಾಬಾಯಿಗೆ ನಲವತ್ತಮೂರು ವರ್ಷ. ಮನೆಯಲ್ಲಿ ಗಂಡ ಮನ್ಮಥಪ್ಪ, ಅತ್ತೆ ಚಂಪಾಬಾಯಿ. ತೊಗರಿ, ಸೋಯಾ ಬೆಳೆಯುವ ಹೊಲ. ಅವಳ ತೂಕ ನೂರಾ ಇಪ್ಪತ್ತಾರು ಕಿಲೊ ಇತ್ತು. ಸಕ್ಕರೆ ಕಾಯಿಲೆ, ಬಿಪಿ, ಮೊಣಕಾಲು ನೋವು ಎಲ್ಲವೂ ಬೆನ್ನು ಹತ್ತಿದ್ದವು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಒಂದು ವರ್ಷದಿಂದ ಪಾಪ, ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ‘ಕಡಿಮೆ ತಿನ್ನು’ ಎಂದು ಹೇಳದವರೇ ಇಲ್ಲ. ಅವಳು ಎಂಟು ಕಿಲೊ ಇಳಿಸಿದರೆ ಹತ್ತು ಕಿಲೊ ಏರುತ್ತಿತ್ತು. ಕೊನೆಗೆ ಉಮರ್ಗಾದ ಡಾಕ್ಟರು ಬಿಡಿಸಿ ಹೇಳಿದರು: ಹೀಗೇ ಬಿಟ್ಟರೆ ಹೃದಯಕ್ಕೆ ಅಪಾಯ, ಸೊಲ್ಲಾಪುರದ ದೊಡ್ಡ ಆಸ್ಪತ್ರೆಯಲ್ಲಿ ತೂಕ ಇಳಿಸುವ ಆಪರೇಷನ್ ಬಗ್ಗೆ ಕೇಳಿ.

ಮನೆಯಲ್ಲಿ ದೊಡ್ಡ ರಾದ್ಧಾಂತವೇ ಆಯಿತು.

“ಹೊಟ್ಟಿ ಕೊಯ್ಸಿ ಸಣ್ಣಾಗೋದಂದ್ರ ಏನ ಶಿವಕಾಂತಾ?” ನಾನು ಕಾಕು ಎಂದು ಕರೆಯುವ ಚಂಪಾಬಾಯಿ ನನ್ನ ಮೇಲೆ ಹರಿಹಾಯ್ದರು. “ನಾಕ್ ತುತ್ತು ಕಡಿಮಿ ಉಂಡ್ರ ಸಾಕಾಗಲ್ಲೇನ?”

“ಆರು ವರ್ಷ ಕಡಿಮಿ ಉಂಡು ನೋಡ್ಯಾಳ್ರೀ ಕಾಕು. ಇದು ಬರೇ ಬಾಯಿ ಚಪಲ ಅಲ್ಲ, ಬ್ಯಾನಿ. ಬ್ಯಾನಿಗಿ ಔಷಧ ಮಾಡ್ಬೇಕೋ ಬ್ಯಾಡೋ?”

ಮನ್ಮಥಪ್ಪ ಒಳ್ಳೆಯ ಮನುಷ್ಯ, ಆದರೆ ಹೆದರುಪುಕ್ಕ. “ಸಿನಿಮಾದವ್ರು ಛಂದ ಕಾಣ್ಲಿಕ್ಕ ಚಾಕು ಹಾಕಿಸ್ಕೋತಾರ. ನಮಗ್ಯಾಕ್ರೀ ಅದು? ಏನರ ಹೆಚ್ಚುಕಡಿಮಿ ಆದ್ರ ನಾ ಏನ್ ಮಾಡ್ಲಿ?”

ಆಗ ಮುಕ್ತಾಬಾಯಿಯೇ ಬಾಯಿ ಬಿಟ್ಟಳು. “ಛಂದ ಕಾಣ್ಲಿಕ್ಕಲ್ರೀ. ನಂಗ ಅಡ್ಡಾಗಿ ಮಲಗ್ಬೇಕಾಗ್ಯದ. ಕೂತ್ಕೊಂಡೇ ಸಾಯಾದು ಬ್ಯಾಡಾಗ್ಯದ.”

ಈ ಆಪರೇಷನ್ ಮಾಡಿಸಿಕೊಂಡವರನ್ನೇ ಒಮ್ಮೆ ಕಣ್ಣಾರೆ ನೋಡಿ ಬರೋಣ ಎಂದೆ.

ಮರುದಿನವೇ ಮೂವರನ್ನೂ ಬಸ್ಸು ಹತ್ತಿಸಿ ಉದಗೀರಿಗೆ ಕರೆದೊಯ್ದೆ. ಅಲ್ಲಿ ನನ್ನ ಅಕ್ಕನ ನೆಗೆಣಿ, ಅಂದರೆ ಅವಳ ಮೈದುನನ ಹೆಂಡತಿ ಉಜ್ವಲಾ ಇದ್ದಾಳೆ, ಶಾಲೆಯಲ್ಲಿ ಟೀಚರು. ಮೂರು ವರ್ಷದ ಹಿಂದೆ ಇದೇ ಆಪರೇಷನ್ ಮಾಡಿಸಿಕೊಂಡವಳು. ಅವಳು ಸಿಹಿ ಮಾತಾಡುವ ಪೈಕಿ ಅಲ್ಲ, ಅದಕ್ಕೇ ಅವಳನ್ನು ಆರಿಸಿದ್ದೆ.

“ಮೊದ್ಲೇ ಹೇಳ್ತೀನಿ, ಇದು ಜಾದೂ ಅಲ್ಲ,” ಎಂದಳು ಉಜ್ವಲಾ. “ಹೊಟ್ಟಿಮ್ಯಾಲ ನಾಕೈದು ಸಣ್ಣ ತೂತು ಮಾಡ್ತಾರ. ಒಳಗ ಅನ್ನದ ಚೀಲ ಇರ್ತದಲ್ಲ, ಅದರಾಗ ಮುಕ್ಕಾಲು ತೆಗೀತಾರ. ಬಾಳಿಹಣ್ಣಿನಷ್ಟು ಉಳೀತದ. ಹಸಿವಿ ಕಡಿಮಿ ಆಗ್ತದ, ಜರಾ ಉಂಡ್ರ ಹೊಟ್ಟಿ ತುಂಬ್ತದ. ಆದ್ರ ನಾಲಿಗಿ ಹಳೇದೇ ಇರ್ತದ ನೋಡ್ರಿ! ಅದನ್ನ ನೀವೇ ಹಿಡೀಬೇಕು.”

“ಜೀವಕ್ಕ ಅಪಾಯ ಇಲ್ಲೇನವ್ವಾ?” ಚಂಪಾಬಾಯಿ ಕೇಳಿದರು.

“ಇಲ್ಲಂತ ಸುಳ್ಳ ಹೇಳಲ್ರೀ. ಎಲ್ಲಾ ಆಪರೇಷನ್‌ಗಿ ಇದ್ದಂಗ ಇದಕ್ಕೂ ಥೋಡೆ ಅದ. ಅದಕ್ಕೇ ಮೊದ್ಲ ಎದಿ, ಉಸಿರು, ರಕ್ತ, ಎಲ್ಲಾ ತಪಾಸಣಿ ಮಾಡ್ತಾರ. ನಂಗ ಮೂರನೇ ತಿಂಗಳಿಗಿ ಕೂದ್ಲ ಉದುರಿದ್ವು. ನಾ ಅತ್ತೀನಿ. ಆಮ್ಯಾಲ ಬಂದ್ವು. ವಿಟಮಿನ್ ಗುಳಿಗಿ ಮಾತ್ರ ಸಾಯೋತನಕ ತಪ್ಪಲ್ಲ.”

ಮನ್ಮಥಪ್ಪ ಅವಳನ್ನು ಮೇಲಿಂದ ಕೆಳಗೆ ನೋಡಿ, “ಮತ್ತ ಪಶ್ಚಾತ್ತಾಪ ಆಗ್ಯದೇನ್ರೀ?” ಎಂದ.

“ಆಗ್ಯದ. ಐದು ವರ್ಷ ಮೊದ್ಲೇ ಮಾಡಿಸ್ಕೋಬೇಕಿತ್ತು ಅಂತ.”

ಬಸ್ಸಿನಲ್ಲಿ ಬರುವಾಗ ಚಂಪಾಬಾಯಿ ಕಿಟಕಿ ಕಡೆ ಮುಖ ಮಾಡಿ, “ಖರೇ ಹೇಳೋರ ಮಾತು ಕೇಳ್ಬೇಕು,” ಎಂದರು. ಅಷ್ಟೇ. ನಮ್ಮ ಕಾಕು ಒಪ್ಪಿದ್ದೇನೆ ಎಂದು ಹೇಳುವ ರೀತಿ ಅದು.

ಸೊಲ್ಲಾಪುರದಲ್ಲಿ ತಪಾಸಣೆ ಶುರುವಾಯಿತು. ಡಾಕ್ಟರು ಕೇಳಿದರು, “ತಂಬಾಕು ಏನಾದ್ರೂ?” ಮುಕ್ತಾಬಾಯಿ ತಲೆ ಅಲ್ಲಾಡಿಸಿ ಇಲ್ಲವೆಂದಳು. ನಾನು ಬಿಡುವವಳೇ?

“ಏ ಮುಕ್ತಾ, ಮಿಶ್ರಿ?”

“ಅದು ಬರೇ ಹಲ್ಲು ತಿಕ್ಕೋದು! ತಂಬಾಕ ಹ್ಯಾಂಗಾಯ್ತು?”

ನಮ್ಮ ಕಡೆ ಹೆಂಗಸರ ಹಣೆಬರಹ ಇದು. ತಂಬಾಕನ್ನೇ ಹುರಿದು ಪುಡಿ ಮಾಡಿ ಹಲ್ಲಿಗೆ ತಿಕ್ಕುತ್ತೇವೆ, ಆಮೇಲೆ ನಮಗೆ ಯಾವ ಚಟವೂ ಇಲ್ಲ ಎನ್ನುತ್ತೇವೆ. ಮಿಶ್ರಿ ಬಿಟ್ಟು ಆರು ವಾರ ಆಗುವವರೆಗೂ ಡಾಕ್ಟರು ತಾರೀಖು ಕೊಡಲಿಲ್ಲ. ತಂಬಾಕು ಇದ್ದರೆ ಒಳಗಿನ ಗಾಯ ಮಾಯುವುದಿಲ್ಲ, ಪುಪ್ಪುಸಕ್ಕೂ ಕೆಡುಕು. ಮೊದಲ ವಾರ ಮುಕ್ತಾ ಎಲ್ಲರ ಮೇಲೂ ರೇಗಾಡಿದಳು, ನನಗೆ ಚಹಾ ಕೂಡ ಕೊಡಲಿಲ್ಲ. ಬೇವಿನಕಡ್ಡಿ ಹಿಡಿದು ಗೆದ್ದಳು.

ಆಪರೇಷನ್‌ಗೆ ಎರಡು ವಾರ ಮೊದಲು ರೊಟ್ಟಿ, ಅನ್ನ, ಸಕ್ಕರೆ ಬಹುತೇಕ ಬಂದ್. ಬೇಳೆಕಟ್ಟು, ಮಜ್ಜಿಗೆ, ಪನೀರು, ಬೇಯಿಸಿದ ಕಾಯಿಪಲ್ಲೆ, ಡಾಕ್ಟರು ಬರೆದ ಪ್ರೋಟೀನ್ ಪುಡಿ. ಹೀಗೆ ಮಾಡಿದರೆ ಕೊಬ್ಬು ತುಂಬಿದ ಲಿವರ್ ಕುಗ್ಗಿ ಕೈಯಾಡಿಸಲು ಜಾಗ ಸಿಗುತ್ತದಂತೆ. ಸಕ್ಕರೆ ಗುಳಿಗೆಯ ಪ್ರಮಾಣವನ್ನು ಡಾಕ್ಟರೇ ಬದಲಿಸಿದರು. ಪುಪ್ಪುಸ ಬಲವಾಗಲೆಂದು ಮೂರು ಗುಂಡಿನ ಪ್ಲಾಸ್ಟಿಕ್ ಡಬ್ಬಿ ಕೊಟ್ಟು, ಉಸಿರೆಳೆದು ಗುಂಡು ಏರಿಸುವುದನ್ನು ಕಲಿಸಿದರು. ಮನ್ಮಥಪ್ಪನೂ ಪಕ್ಕದಲ್ಲಿ ಕೂತು ಏರಿಸುತ್ತಿದ್ದ. ಅವನಿಗೆ ಎರಡರ ಮೇಲೆ ಏರಲೇ ಇಲ್ಲ!

ಆಪರೇಷನ್ ಸುಸೂತ್ರ ಆಯಿತು. ಅದೇ ಸಂಜೆ ನರ್ಸು ಅವಳನ್ನು ಎಬ್ಬಿಸಿ ನಡೆಸಿದಳು. ಕಾಲಲ್ಲಿ ರಕ್ತ ಹೆಪ್ಪುಗಟ್ಟಬಾರದಲ್ಲ, ಅದಕ್ಕೆ. ಮೂರನೇ ದಿನ ಮನೆಗೆ ಬಂದಳು. ಮೊದಲ ಎರಡು ವಾರ ಬರೀ ತೆಳುವಾದದ್ದು, ಅದೂ ಗುಟುಕು ಗುಟುಕಾಗಿ. ಆಮೇಲೆ ಮೆತ್ತಗೆ ಅರೆದದ್ದು. ಕೊಡ ಎತ್ತುವಂತಿಲ್ಲ, ಬಗ್ಗಿ ಕಸ ಗುಡಿಸುವಂತಿಲ್ಲ. ಊಟದ ಜೊತೆ ನೀರು ಕುಡಿಯುವಂತಿಲ್ಲ, ಊಟವಾಗಿ ಅರ್ಧ ತಾಸು ಬಿಟ್ಟೇ ಕುಡಿಯಬೇಕು. ನಾನು ವಾರಕ್ಕೆರಡು ಸಲ ಹೋಗಿ ಕೇಳುತ್ತಿದ್ದೆ. “ಉಂಡಾಗ ನೀರ ಕುಡಿಯಂಗಿಲ್ಲಲ್ಲ?” “ಇಲ್ಲವ್ವಾ, ಬಿಲ್ಕುಲ್ ಇಲ್ಲ.” ಆದರೂ ಉಂಡ ಮೇಲೆ ಹೊಟ್ಟೆ ಭಾರ, ಓಕರಿಕೆ ಎನ್ನುತ್ತಿದ್ದಳು. ಹೊಸದರಲ್ಲಿ ಹಾಗೇ ಇರಬೇಕು ಎಂದುಕೊಂಡೆ. ಆಸ್ಪತ್ರೆಗೆ ಒಂದು ಫೋನು ಮಾಡಬೇಕಿತ್ತು. ಮಾಡಲಿಲ್ಲ.

ಐದು ವಾರ ಕಳೆದವು. ಹದಿನಾಲ್ಕು ಕಿಲೊ ಇಳಿದಿತ್ತು. ಆ ಸೋಮವಾರ ಊರಿನ ಜಂಗಮರಾದ ರೇವಣಸಿದ್ಧ ಅಯ್ಯನವರು ಮನೆಗೆ ಪ್ರಸಾದಕ್ಕೆ, ಅಂದರೆ ಊಟಕ್ಕೆ ಬಂದರು. ಸೊಸೆ ಉಳಿದಳಲ್ಲ ಎಂಬ ಸಂತೋಷಕ್ಕೆ ಚಂಪಾಬಾಯಿ ಗೋಧಿ ಹುಗ್ಗಿ ಮಾಡಿದ್ದರು. ಅಯ್ಯನವರ ಪ್ರಸಾದವಾಗಿ ಅವರು ಹೊರಟ ಮೇಲೆ ಮನೆಯವರು ಕೂತರು. ಮುಕ್ತಾ ಎರಡು ಚಮಚ ಹುಗ್ಗಿಗೆ ಸಾಕು ಎಂದಳು.

“ಅಯ್ಯನೋರು ಉಂಡ ಪ್ರಸಾದಕ್ಕ ಬ್ಯಾಡ ಅನ್ನಬಾರ್ದು,” ಎಂದು ಚಂಪಾಬಾಯಿ ಒಂದು ಸೌಟು ಹುಗ್ಗಿ, ಮೇಲೆ ತುಪ್ಪ ಹಾಕಿದರು. ಪ್ರೀತಿಯಿಂದಲೇ ಹಾಕಿದರು.

ನಮ್ಮ ಲಿಂಗವಂತರ ಮನೆಗಳಲ್ಲಿ ತಟ್ಟೆಗೆ ಬಿದ್ದ ಪ್ರಸಾದದಲ್ಲಿ ಒಂದು ಅಗುಳೂ ಬಿಡುವುದಿಲ್ಲ. ತಟ್ಟೆಗೆ ನೀರು ಹಾಕಿ ಬೆರಳಿಂದ ತೊಳೆದು ಆ ನೀರನ್ನೂ ಕುಡಿಯುತ್ತೇವೆ. ಮುಕ್ತಾ ಕಷ್ಟಪಟ್ಟು ಹುಗ್ಗಿ ಮುಗಿಸಿದಳು. ತಟ್ಟೆ ತೊಳೆದು ನೀರು ಕುಡಿದಳು. ಕಾಲು ತಾಸಿನಲ್ಲಿ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತಳು.

ಮನ್ಮಥಪ್ಪ ಓಡಿಬಂದು ನನ್ನನ್ನು ಕರೆದ. ಹೋಗಿ ನೋಡಿದರೆ ಅವಳು ವಾಂತಿ ಮಾಡಿ ಮಾಡಿ ಬಸವಳಿದಿದ್ದಳು, ನಾಡಿ ಕುದುರೆಯಂತೆ ಓಡುತ್ತಿತ್ತು. ಒಳಗಿನ ಹೊಲಿಗೆ ಬಿಚ್ಚಿದ್ದರೆ ಜೀವಕ್ಕೇ ಕುತ್ತು.

“ಓಮಿನ ಕಾಳು ಕೊಡ್ಲೇನ?” ಎಂದರು ಚಂಪಾಬಾಯಿ.

“ಏನೂ ಕೊಡಬ್ಯಾಡ್ರಿ ಕಾಕು! ಗಾಡಿ ತರಸ್ರಿ!”

ಆಸ್ಪತ್ರೆಯವರು ಕೊಟ್ಟಿದ್ದ ನಂಬರಿಗೆ ಫೋನು ಮಾಡಿದೆ. ತಡ ಮಾಡದೆ ಕರೆತನ್ನಿ ಎಂದರು. ಸೊಲ್ಲಾಪುರ ಮುಟ್ಟುವವರೆಗೂ ಚಂಪಾಬಾಯಿ ಸೊಸೆಯ ತಲೆ ತೊಡೆಯ ಮೇಲಿಟ್ಟುಕೊಂಡು, “ನನ್ನ ಕೈಯಾರೆ ಕೊಂದ್ನೇನೋ ಶಿವನೇ,” ಎಂದು ಅಳುತ್ತಲೇ ಇದ್ದರು.

ರಕ್ತ ಪರೀಕ್ಷೆ ಆಯಿತು, ಸ್ಕ್ಯಾನ್ ಆಯಿತು. ಡಾಕ್ಟರು ಹೊರಗೆ ಬಂದು, “ಹೊಲಿಗಿ ಗಟ್ಟಿ ಅದ. ಏನೂ ಆಗಿಲ್ಲ. ಹಿಡಿಸೋದಕ್ಕಿಂತ ಜಾಸ್ತಿ ತುಂಬ್ಯದ, ಅಷ್ಟೇ,” ಎಂದರು. ಹೋದ ಜೀವ ಬಂತು ನಮಗೆ. ಮನ್ಮಥಪ್ಪ ಅಲ್ಲೇ ಗೋಡೆಗೆ ಹಣೆ ಹಚ್ಚಿ ನಿಂತುಬಿಟ್ಟ. ಚಂಪಾಬಾಯಿ ಡಾಕ್ಟರ ಕೈಯನ್ನೇ ಕಣ್ಣಿಗೆ ಒತ್ತಿಕೊಂಡರು.

ಸಲೈನ್ ಹಚ್ಚಿದ ಮೇಲೆ ಡಾಕ್ಟರು ಕೇಳಿದರು, “ಇಷ್ಟು ಹೆಂಗ ಉಂಡ್ರಿ? ಬಿಡಬೇಕಿತ್ತಲ್ಲ?”

“ನಮ್ಮನ್ಯಾಗ ಯಾರೂ ಬಿಡಂಗಿಲ್ರೀ ಸಾಹೇಬ್ರ,” ಮನ್ಮಥಪ್ಪ ಅಭಿಮಾನದಿಂದ ಹೇಳಿದ. “ತಟ್ಟಿ ತೊಳದ ನೀರ ಸುದ್ದಾ ಕುಡೀತೀವಿ.”

ಡಾಕ್ಟರು ಪೆನ್ನು ಕೆಳಗಿಟ್ಟರು. “ಉಂಡ ಕೂಡ್ಲೇ? ಎಷ್ಟು?”

“ಅರ್ಧಾ ತಂಬಿಗಿ ಇರ್ತದ್ರಿ. ದಿನಾ ಎಲ್ಲಾ ಊಟಕ್ಕೂ.”

ಹಾಸಿಗೆಯಿಂದ ಮುಕ್ತಾಳ ಸಣ್ಣ ದನಿ ಬಂತು. “ಅದು ನೀರಲ್ರೀ. ಪ್ರಸಾದ.”

ನಾನು ನಾಲಿಗೆ ಕಚ್ಚಿಕೊಂಡೆ. ಐದು ವಾರ ಪೊಲೀಸರ ಹಾಗೆ ನೀರಿನ ಲೆಕ್ಕ ಕೇಳಿದವಳು ನಾನು. ನಾನೂ ದಿನಾ ತಟ್ಟೆ ತೊಳೆದು ಕುಡಿಯುವವಳೇ. ಅವಳ ಮಿಶ್ರಿ ಪತ್ತೆ ಹಚ್ಚಿದೆನೆಂದು ಬೀಗಿದೆ, ನನ್ನ ತಟ್ಟೆಯಲ್ಲಿದ್ದದ್ದು ನನಗೇ ಕಾಣಲಿಲ್ಲ. ಅವಳು ಸುಳ್ಳು ಹೇಳಿರಲಿಲ್ಲ, ನಾನು ಸರಿಯಾಗಿ ಕೇಳಿರಲಿಲ್ಲ.

“ನಿಮ್ಮ ನೇಮಕ್ಕ ನಾ ಅಡ್ಡ ಬರಲ್ಲ,” ಎಂದರು ಡಾಕ್ಟರು. “ಆದ್ರ ಹೊಟ್ಟಿಗಿ ಅದು ನೀರೇ ನೋಡವ್ವಾ.”

ಎರಡು ದಿನಕ್ಕೆ ಮುಕ್ತಾ ಮನೆಗೆ ಬಂದಳು. ಆದರೆ ಚಂಪಾಬಾಯಿಗೆ ಸಮಾಧಾನವಿಲ್ಲ. ನೇಮ ಬಿಟ್ಟರೆ ಪಾಪ, ಹಿಡಿದರೆ ಸೊಸೆಯ ಜೀವ. ನನ್ನನ್ನು ಕಟ್ಟಿಕೊಂಡು ಅಯ್ಯನವರ ಹತ್ತಿರ ಹೋಗಿ ಎಲ್ಲ ಹೇಳಿದರು. ಅಯ್ಯನವರು ಕೇಳಿಸಿಕೊಂಡು ನಕ್ಕರು.

“ಚಂಪಾಬಾಯಿ, ತಟ್ಟ್ಯಾಗ ಬಿದ್ದ ಪ್ರಸಾದ ಬಿಡಬ್ಯಾಡ ಅಂದೀವಿ. ಒಲ್ಲೆ ಅಂದವ್ರಿಗಿ ನೀಡು ಅಂತ ಯಾವಾಗ ಅಂದೀವಿ ತಾಯಿ?”

“ಮತ್ತ ತಟ್ಟಿ ನೀರು, ಅಪ್ಪಾ?”

“ತಟ್ಟಿ ಮುಚ್ಚಿಡ್ರಿ. ಅರ್ಧಾ ತಾಸು ಬಿಟ್ಟು ತೊಳದು, ಗುಟುಕು ಗುಟುಕು ಕುಡೀಲಿ. ಅಷ್ಟರಾಗ ಶಿವ ಎಲ್ಲಿ ಓಡಿ ಹೋಗ್ತಾನ?”

ಅವತ್ತಿನಿಂದ ಮುಕ್ತಾಳ ಪ್ರಸಾದ ಸಣ್ಣ ಬಟ್ಟಲಲ್ಲಿ. ಮೊದಲು ಬೇಳೆ, ಮೊಸರು, ಪನೀರು. ಆಮೇಲೆ ಜಾಗವಿದ್ದರೆ ಬೇರೆ. ಓಕರಿಕೆ ನಿಂತೇ ಹೋಯಿತು. ಈಗ ಒಂದು ವರ್ಷವಾಗಿದೆ. ತೂಕ ಎಂಬತ್ತೆಂಟು. ಸಕ್ಕರೆ ಗುಳಿಗೆ ಮೂರರಿಂದ ಒಂದಕ್ಕೆ ಇಳಿದಿದೆ. ವಿಟಮಿನ್ ತಪ್ಪಿಸುವುದಿಲ್ಲ, ಕರೆದಾಗಲೆಲ್ಲ ರಕ್ತ ಪರೀಕ್ಷೆಗೆ ಹೋಗುತ್ತಾಳೆ. ಕಾಲು ಚಾಚಿ ಮಲಗಿ ಬೆಳಗಿನವರೆಗೂ ನಿದ್ದೆ ಮಾಡುತ್ತಾಳೆ, ಗೊರಕೆಯೂ ಇಲ್ಲ ಎಂದು ಮನ್ಮಥಪ್ಪ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾನೆ.

ಹೋದ ತಿಂಗಳು ನಿಲಂಗಾದಲ್ಲಿ ಅವರ ನೆಂಟರ ಮನೆಯ ಮದುವೆ. ಪಂಕ್ತಿಯಲ್ಲಿ ನಾನೂ ಕೂತಿದ್ದೆ. ಬಡಿಸುವ ಹಿರಿಯಳೊಬ್ಬಳು ಬುಟ್ಟಿ ಹಿಡಿದು ಮುಕ್ತಾಳ ಮುಂದೆ ನಿಂತಳು. “ಏನಿದು, ಗುಬ್ಬಿ ಉಂಡಂಗ! ಒಂದೇ ಹೋಳಿಗಿ ತಗೋ. ನನ್ನ ಆಣಿ ಅದ.” ಮುಕ್ತಾ ಬೇಡ ಬೇಡವೆಂದರೂ ಆ ಹಿರಿಯಳ ಕೈ ಹೋಳಿಗೆ ಸಮೇತ ಕೆಳಗಿಳಿಯಿತು.

ಪಕ್ಕದಲ್ಲಿದ್ದ ಚಂಪಾಬಾಯಿ ತಮ್ಮ ಊಟ ಬಿಟ್ಟು, ಸೊಸೆಯ ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರು.

“ಆಕಿ ಊಟ ಆಗ್ಯದ. ನಿನ್ನ ಆಣಿ ನಿನ್ನ ಹಂತೇಕೇ ಇರ್ಲಿ. ನಂಗ ನನ್ನ ಸೊಸಿ ಇನ್ನಾ ಬೇಕಾಗ್ಯಾಳ.”

ಅಕ್ಕಂದಿರೇ, ಅಣ್ಣಂದಿರೇ, ಈ ಆಪರೇಷನ್ ಎಲ್ಲರಿಗೂ ಅಲ್ಲ. ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದನ್ನು ತಪಾಸಣೆ ಮಾಡಿದ ಡಾಕ್ಟರೇ ಹೇಳಬೇಕು. ಆದರೆ ತೂಕದಿಂದ ಉಸಿರು ಕಟ್ಟುತ್ತಿದ್ದರೆ ನಾಚಿಕೆಪಟ್ಟು ಮನೆಯಲ್ಲಿ ಕೂರಬೇಡಿ, ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ. ಮಿಶ್ರಿ, ತಂಬಾಕು, ತಟ್ಟೆಯ ನೀರು, ಉಪವಾಸ, ಯಾವುದನ್ನೂ ಇದೇನು ಮಹಾ ಎಂದು ಬಿಡದೆ ಡಾಕ್ಟರ ಮುಂದೆ ಹೇಳಿ. ಆಪರೇಷನ್ ಆದವರಿಗೆ ಜ್ವರ, ಜೋರು ಹೊಟ್ಟೆನೋವು, ನಿಲ್ಲದ ವಾಂತಿ, ಏದುಸಿರು, ಎದೆಬಡಿತ, ಮೀನಖಂಡದ ಬಾವು ಕಂಡರೆ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಓಡಿ. ಇನ್ನು ಬಡಿಸುವ ಕೈಗಳಿಗೆ ನನ್ನದೊಂದು ಮಾತು: ಉಣ್ಣುವವರು ಸಾಕೆಂದರೆ ಸಾಕು. ಸೌಟು ಕೆಳಗಿಡಿ.