ಕೈ ಎತ್ತೋ ಬಾಳೇಶಾ

ಬಾಳೇಶನ ಎಡಗಾಲ ಹರಡಿನ ಮೇಲೆ ಬೆರಳಗಲದ ಸುಣ್ಣದ ಗುರುತು. ಕಣ್ಣು ಮುಚ್ಚಿದರೆ ನನಗೆ ಇಂದಿಗೂ ಮೊದಲು ಕಾಣುವುದು ಅದೇ.

ನಮ್ಮೂರ ಕಬಡ್ಡಿ ಪಂದ್ಯಾವಳಿಯ ಫೈನಲ್ ಅದು. ಅಂಕಗಳು ಸಮಸಮ, ಉಳಿದಿದ್ದು ಒಂದೇ ದಾಳಿ. ನನ್ನ ಅಣ್ಣ ಯಮನೂರ ಉಸಿರು ಬಿಗಿಹಿಡಿದು ಎದುರಾಳಿಗಳ ಅಂಗಳಕ್ಕೆ ನುಗ್ಗಿದ. ಮೂಲೆಯಲ್ಲಿ ನಿಂತಿದ್ದ ಬಾಳೇಶನ ಕಾಲಿಗೆ ಹೆಬ್ಬೆರಳು ತಾಗಿಸಿ, ಜಿಂಕೆಯ ಹಾಗೆ ಮರಳಿ ಬಂದ. ಒಳನುಗ್ಗುವಾಗ ನಡುಗೆರೆಯಿಂದ ಅವನ ಬೆರಳಿಗೆ ಅಂಟಿದ್ದ ಸುಣ್ಣ ಬಾಳೇಶನ ಕಾಲಿಗೆ ಹತ್ತಿತ್ತು. ಅಂಪೈರ್ ಇನ್ನೊಂದು ಕಡೆ ನೋಡುತ್ತಿದ್ದ. ಹಾಗಾದರೂ ಚಿಂತೆಯಿರಲಿಲ್ಲ. ಮುಟ್ಟಿಸಿಕೊಂಡವನು ತಾನಾಗಿಯೇ ಕೈ ಎತ್ತಿ ಹೊರಗೆ ನಡೆಯುವುದು ನಮ್ಮ ಕಡೆಯ ಆಟದ ಮರ್ಯಾದೆ.

"ಮುಟ್ಯಾನೇನೋ?" ಅಂಪೈರ್ ಕೇಳಿದ.

"ಎಲ್ಲಿ ಮುಟ್ಯಾನ್ರೀ, ಬರೇ ಗಾಳಿ ಬಡೀತು" ಎಂದ ಬಾಳೇಶ, ಎಡಗಾಲನ್ನು ಬಲಗಾಲಿಗೆ ಮೆಲ್ಲಗೆ ಒರೆಸಿಕೊಳ್ಳುತ್ತ.

ಗೆರೆಯಂಚಿಗೆ ಕೂತಿದ್ದ ನಾನು ಅದನ್ನು ಕಂಡೆ. ಅಣ್ಣನೂ ಕಂಡ. ಕಂಡವನು ಸುಮ್ಮನಿರದೆ ಹೋಗಿ ಬಾಳೇಶನ ಕುತ್ತಿಗೆ ಹಿಡಿದ. ಅಂಪೈರ್ ನಂಬಿದ್ದು ಬಾಳೇಶನ ಮಾತನ್ನು. "ಸುಳ್ಳು ಹೇಳಿ ಜಗಳ ತೆಗೆದ ಯಮನೂರ ಇನ್ನು ಮುಂದೆ ಯಾವ ಅಂಗಳಕ್ಕೂ ಇಳಿಯುವಂತಿಲ್ಲ" ಎಂದು ಅವತ್ತೇ ಮೈಕಿನಲ್ಲಿ ಸಾರಿದರು. ಮರುದಿನದಿಂದ ಅಣ್ಣ 'ಸುಳ್ಳ ಯಮನೂರ' ಆದ. ಮಗಳನ್ನು ಕೊಡುತ್ತೇನೆಂದಿದ್ದ ನಮ್ಮ ಮಾವ, "ಒಂದ್ ಪಾಯಿಂಟಿಗೆ ಸುಳ್ಳ ಹೇಳಾಂವ, ನಾಳೆ ನನ್ನ ಮಗಳಿಗೆ ಏನೇನ್ ಹೇಳ್ಯಾನು?" ಎಂದು ಹಿಂದೆ ಸರಿದ. ಅಣ್ಣ ಕಟ್ಟಿಗೆ ಕೊಯ್ಯುವ ಮಿಲ್ಲಿಗೆ ಸೇರಿಕೊಂಡ. ಕಬಡ್ಡಿ ನಡೆಯುವ ಕಡೆ ಮುಖ ಹಾಕಲಿಲ್ಲ.

ನಾನು ಮುಖ ಹಾಕಿದೆ. ಶಾಲೆಯನ್ನು ಎಂದೋ ಬಿಟ್ಟಿದ್ದೆ. ಲಾಲಸಾಬ ಕಾಕಾನ ಲಾರಿಗೆ ಕ್ಲೀನರ್ ಆಗಿದ್ದೆ. ಬಾಳೇಶ ಎಲ್ಲಿ ಆಡುತ್ತಾನೋ ಅಲ್ಲಿಗೆ ಬಾಡಿಗೆ ಹಿಡಿಯುವಂತೆ ಕಾಕಾನನ್ನು ಕಾಡುವುದೇ ನನ್ನ ಕೆಲಸವಾಯಿತು. ಅವನ ಬಾಯಿಂದಲೇ, ನಾಲ್ಕು ಜನರೆದುರು, 'ಅವತ್ತು ಯಮನೂರ ಮುಟ್ಟಿದ್ದ' ಅನ್ನಿಸಬೇಕು. ಅಲ್ಲಿಯವರೆಗೆ ಅವನಿಗೆ ನೆಮ್ಮದಿ ಕೊಡಬಾರದು.

"ನಿನ್ನ ಸಿಟ್ಟಿಗೆ ನನ್ನ ಡೀಸೆಲ್ ಸುಡಾಕತ್ತೈತಲ್ಲೋ ಹುಚ್ಚಾ" ಎಂದು ಕಾಕಾ ಬೈಯುತ್ತಿದ್ದ. ಬೈದುಕೊಂಡೇ ಸ್ಟೀರಿಂಗ್ ಆ ಕಡೆಗೆ ತಿರುಗಿಸುತ್ತಿದ್ದ.

ಎಂತೆಂಥ ಅಂಗಳಗಳನ್ನು ಕಂಡೆ! ಎಣ್ಣೆ ಗಾಣದ ಹಿಂದಿನ ಬಯಲಿನಲ್ಲಿ ಹಿಂಡಿಯ ವಾಸನೆಗೆ ಹೊಟ್ಟೆ ತೊಳಸುತ್ತಿತ್ತು. ಮೆಣಸಿನಕಾಯಿ ಪೇಟೆಯ ಅಂಗಳದಲ್ಲಿ ಆಡುವವರೂ ನೋಡುವವರೂ ಒಟ್ಟಿಗೆ ಸೀನುತ್ತಿದ್ದರು. ಅಲ್ಲಿ ಸೀನಿಗೆ ಉಸಿರು ಕಡಿದರೂ ಔಟ್ ಕೊಡಬಾರದೆಂದು ಕರಾರು ಮಾಡಿಕೊಂಡಿದ್ದರು. ಬತ್ತಿದ ಕೆರೆಯೊಳಗಿನ ಅಂಗಳವೊಂದು ಎಷ್ಟು ಇಳಿಜಾರೆಂದರೆ, ಹಿಡಿಸಿಕೊಂಡವನು ಉರುಳಿಯೇ ಗೆರೆ ಮುಟ್ಟಿಬಿಡುತ್ತಿದ್ದ. ಎಲ್ಲ ಕಡೆಯೂ ನಾನು ಗೆರೆಯಂಚಿಗೇ ಕೂರುತ್ತಿದ್ದೆ. ಬಾಳೇಶ ದಾಳಿಗೂ ಸೈ, ಹಿಡಿತಕ್ಕೂ ಸೈ. ಅವನು ಅಂಗಳಕ್ಕಿಳಿದ ಕೂಡಲೇ ಗಂಟಲು ಹರಿಯುವಂತೆ ಒದರುತ್ತಿದ್ದೆ: "ಕೈ ಎತ್ತೋ ಬಾಳೇಶಾ!"

"ಯಾರಲೇ ಇಂವಾ? ಅಳಿಯನ್ನ ಹುಡಿಕ್ಕೊಂಡ ಬಂದಂಗ ಊರೂರು ಬರ್ತಾನಲ್ಲ!" ಎಂದು ಜನ ನಗುತ್ತಿದ್ದರು. ಬಾಳೇಶ ನಗುತ್ತಿರಲಿಲ್ಲ. ಬರಬರುತ್ತ ಅವನ ಹಿಡಿತ ಸಡಿಲಾಯಿತು. ನಾನು ಬಾಯಿ ತೆರೆಯುವ ಮೊದಲೇ ಅವನ ಕಣ್ಣು ನನ್ನನ್ನು ಹುಡುಕುತ್ತಿತ್ತು. ಅವನ ಹಣೆಯ ಬೆವರು ನೋಡಿದ ದಿನ ನನಗೆ ಊಟ ರುಚಿಸುತ್ತಿತ್ತು.

ಹೀಗಿರುವಾಗ ದೊಡ್ಡ ಶಹರದ ಕ್ರೀಡಾಂಗಣದಲ್ಲಿ ಪಂದ್ಯ ಬಿತ್ತು. ಮೇಲೆ ಸೂರು, ಕೂರಲು ಕುರ್ಚಿ, ಮಣ್ಣಿನ ಬದಲು ಮ್ಯಾಟು. ಬಾಳೇಶನ ತಂಡ ಆಗಲೇ ಗೆದ್ದ ಹಾಗೆಯೇ ಇತ್ತು. ಎದುರಿನವರು ಅಷ್ಟು ಹಿಂದಿದ್ದರು. ಅವರ ಎಳೆಯ ದಾಳಿಗಾರನೊಬ್ಬ ಬಂದು ಬಾಳೇಶನ ಕಾಲಿನತ್ತ ಕೈ ಬೀಸಿದ. ನಾನು ಎಂದಿನಂತೆ ಒದರಿದೆ. ಬಾಳೇಶ ನನ್ನತ್ತ ತಿರುಗಿ ನೋಡಿದ. ಆಮೇಲೆ ನೆಟ್ಟಗೆ ಕೈ ಎತ್ತಿ ಹೊರಗೆ ನಡೆದ.

ಆ ಹುಡುಗ ಅವನನ್ನು ಮುಟ್ಟಿರಲೇ ಇಲ್ಲ! ಮ್ಯಾಟಿನ ಮೇಲೆ ಸುಣ್ಣವಿಲ್ಲ, ಗುರುತಿಲ್ಲ. ಬಾಳೇಶನ ಕಾಲು ತೊಳೆದಿಟ್ಟಷ್ಟು ಸ್ವಚ್ಛವಾಗಿತ್ತು. ಕ್ರೀಡಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು. "ಅಂಪೈರ್ ಕಾಣದ್ದನ್ನು ತಾನೇ ಒಪ್ಪಿಕೊಂಡ ಸತ್ಯವಂತ ಆಟಗಾರ!" ಎಂದು ಮೈಕು ಕೂಗಿತು. ಪಂದ್ಯ ಮುಗಿದ ಮೇಲೆ ಶಾಲು ಹೊದಿಸಿದರು. ಆ ಶಾಲಿನಲ್ಲೇ ಅವನು ನನ್ನ ಕುರ್ಚಿಯ ಹತ್ತಿರ ಬಂದು ನಗುತ್ತ ಬಗ್ಗಿದ.

"ಎತ್ತೀನಲ್ಲಪಾ, ಸಮಾಧಾನ ಆತಿಲ್ಲೋ? ಇನ್ನ ಮನೀಗೆ ಹೋಗು."

ಅವನು ಯಾಕೆ ನಗುತ್ತಿದ್ದನೆಂದು ಊರಿಗೆ ಬಂದ ಮೇಲೆ ತಿಳಿಯಿತು. ಚಹಾದಂಗಡಿಯಲ್ಲಿ ಅದೇ ಮಾತು. "ಯಾರೂ ಕೇಳದಽ ಕೈ ಎತ್ತೋ ಮನಶ್ಯಾ, ಅವತ್ತು ಅಂಪೈರ್ ಕೇಳಿದ್ರೂ ಎತ್ತಲಿಲ್ಲ ಅಂದ್ರ? ಖರೇನ ಮುಟ್ಟಿಲ್ಲ ಬಿಡು. ಯಮನೂರಂದಽ ಸುಳ್ಳು."

ಕೈಯೊಳಗಿನ ಗ್ಲಾಸನ್ನು ಗೋಡೆಗೆ ಎಸೆದು ಮಿಲ್ಲಿಗೆ ಓಡಿದೆ. ಅಣ್ಣ ಗರಗಸದ ಹಲ್ಲಿಗೆ ಅರ ತಿಕ್ಕುತ್ತ ಕೂತಿದ್ದ. ಸುದ್ದಿ ಅವನಿಗೂ ಮುಟ್ಟಿತ್ತು.

"ಆ ಹುಡುಗ ಮುಟ್ಟಿದ್ನೇನು?" ತಲೆ ಎತ್ತದೆ ಕೇಳಿದ.

"ಇಲ್ಲಣ್ಣಾ. ನಡುವ ಒಂದ್ ಗೇಣು ಬಯಲಿತ್ತು."

ಅರ ನಿಂತಿತು. "ಶಾಣ್ಯಾ ಅದಾನ. ಕೈ ಎತ್ತು ಅಂತ ನೀನಽ ಊರೂರು ಹೋಗಿ ಕಲಿಸಿಕೊಟ್ಟಿ. ಬೇಕಾದಾಗ ಕಲ್ತಾ."

ಆ ಮಾತಿಗೆ ನನ್ನ ಕಣ್ಣಲ್ಲಿ ಬೆಂಕಿ ನೀರು ಒಟ್ಟಿಗೇ ಬಂದವು. "ಅವನ ಕಾಲು ಮುರೀತೀನಿ" ಎಂದೆ.

"ಕಾಲು ಮುರದ್ರ ಊರು ಅವಂಗ ಇನ್ನೊಂದ್ ಶಾಲು ಹೊಚ್ಚತೈತಿ." ಅಣ್ಣ ಎದ್ದು ಮೈಮೇಲಿನ ಹೊಟ್ಟು ಝಾಡಿಸಿಕೊಂಡ. "ಒದರಿದ್ದು ಸಾಕು. ಅವನ ಮುಂದಿನ ಆಟ ಎಲ್ಲೈತಿ? ನಾನೂ ಬರ್ತೀನಿ."

ಇಟ್ಟಿಗೆ ಭಟ್ಟಿಯ ಪಕ್ಕದ ಬಯಲು. ಇಳಿಹೊತ್ತು. ನಾನೂ ಅಣ್ಣನೂ ಗೆರೆಯಂಚಿಗೆ ಕೂತೆವು. ಅಣ್ಣ ಬರುವಾಗಲೇ ಶೇಂಗಾ ಕಟ್ಟಿಸಿಕೊಂಡಿದ್ದ. ಬಾಳೇಶ ದಾಳಿಗೆ ಹೊರಟಾಗ ಎಲ್ಲ ಕಡೆ ಶಿಳ್ಳೆ, "ಸತ್ಯವಂತ!" ಎಂಬ ಕೂಗು. ನಡುಗೆರೆ ದಾಟಿ, ಉಸಿರು ಹಿಡಿದು, ರೂಢಿಯಂತೆ ನನ್ನ ಕೂಗಿಗಾಗಿ ಕಾದ. ನಾನು ಬಾಯಿ ಬಿಡಲಿಲ್ಲ. ಅವನ ಕಣ್ಣು ಗೆರೆಯುದ್ದಕ್ಕೂ ಹುಡುಕುತ್ತ ಬಂದು ನನ್ನ ಮೇಲೆ ನಿಂತಿತು. ಅಲ್ಲಿಂದ ಪಕ್ಕಕ್ಕೆ ಸರಿಯಿತು. ಅಣ್ಣ ಅವನನ್ನೇ ನೋಡುತ್ತಿದ್ದ. ಸಿಟ್ಟಿಲ್ಲ, ಸೆಡವಿಲ್ಲ, ಬರೀ ನೋಟ.

"ಕಬಡ್ಡಿ, ಕಬಡ್ಡಿ, ಕಬ..."

ಮಾತು ಅಲ್ಲೇ ಕಡಿಯಿತು. ಅಂಪೈರ್ ಸೀಟಿ ಊದಿದ. ಉಸಿರು ಕಡಿದವನು ಔಟ್. ಬಾಳೇಶ ಎದುರಾಳಿಗಳ ನಡುವೆ ಬಾಯಿ ತೆರೆದುಕೊಂಡೇ ನಿಂತಿದ್ದ.

"ಯಾರೂ ಮುಟ್ಟೇ ಇಲ್ಲಲ್ಲೋ! ಏನಾತು ಇವಂಗ?" ನಮ್ಮ ಹಿಂದಿನಿಂದ ಯಾರೋ ಕೂಗಿದರು.

ನಾನು ಏಳಹೋದೆ. ಅಣ್ಣ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ಕೂರಿಸಿದ.

"ತಡಿ, ತಮ್ಮಾ. ಮತ್ತ ಬರ್ತಾನ."

ಕಾಲು ಮಡಚಿ ಇನ್ನಷ್ಟು ಸರಿಯಾಗಿ ಕೂತುಕೊಂಡು, ಒಂದು ಶೇಂಗಾ ಒಡೆದು, ಎರಡರಲ್ಲಿ ಒಂದು ಬೀಜವನ್ನು ನನ್ನ ಅಂಗೈಗೆ ಹಾಕಿದ.